ನಾಲ್ಕು ಬೆರಳು

ಬೀಜ ಬಂದದ್ದು ಪಾಲಂಪುರದಿಂದ,
ಠಾಕೂರ್ ಮೇಡಂ ತವರಿನಿಂದ,
ಉಣ್ಣೆಯ ಕಾಲುಚೀಲದೊಳಗೆ ಗಂಟು ಕಟ್ಟಿಕೊಂಡು.
ಅಂಗೈಗೆ ಸುರಿದುಕೊಂಡು ನೋಡಿದೆ:
ಜೀರಿಗೆಯಷ್ಟೇ ಉದ್ದ, ಜೊಳ್ಳು ಭತ್ತದ ಬಣ್ಣ.
‘ಫೆಸ್ಕ್ಯೂ, ಬುದವಂತ. ಹಿಮ ಬಿದ್ದರೂ ಸಾಯೋದಿಲ್ಲ.’
ಹಿಮದ ಹೆದರಿಕೆ ಇಲ್ಲಿ ಯಾರಿಗಿದೆ ಮೇಡಂ, ಅಂದೆ.
ಕಾರವಾರದಲ್ಲಿ ಸಾಯಲಿಕ್ಕೆ ಬೇರೆ ದಾರಿಗಳಿವೆ:
ಏಪ್ರಿಲ್ ಇದೆ, ಉಪ್ಪುಗಾಳಿ ಇದೆ,
ಜೂನ್ ಹತ್ತರ ಮೇಲೆ ನಿಂತ ನೀರಿದೆ.

ಆದರೂ ದೀಪಾವಳಿ ಕಳೆದು
ಬೆಳಗಿನ ಗಾಳಿ ಕಡಲು ಬಿಟ್ಟು ಘಟ್ಟದಿಂದ ಇಳಿಯತೊಡಗಿದ ವಾರ
ಗರಿಕೆಯನ್ನು ಬುಡಮಟ್ಟ ಕತ್ತರಿಸಿ
ಕೆಂಪು ಚಿರೆಮಣ್ಣು ಕೆರೆದು, ಕಾಳಿಯ ಮರಳು ಬೆರೆಸಿ
ಅಜ್ಜ ಕುಮರಿಯಲ್ಲಿ ರಾಗಿ ಚೆಲ್ಲುತ್ತಿದ್ದ ಹಾಗೆ ಚೆಲ್ಲಿದೆ,
ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ.

ಗೊಬ್ಬರಕ್ಕೆಂದು ಒಣ ತಾರ್ಲಿ ಕುಟ್ಟಿ ಹಾಕಿದ್ದು ನನ್ನ ತಪ್ಪು.
ಕಾಲನಿಯ ಹದಿನೇಳು ಬೆಕ್ಕುಗಳು
ರಾತ್ರಿಯಿಡೀ ಪರೇಡು ಮಾಡಿದವು.
ಕಮಾಂಡರ್ ಸಾಹೇಬರು ಪೈಜಾಮದಲ್ಲೇ ಹೊರಬಂದು
ಮೂಗು ಮುಚ್ಚಿಕೊಂಡು ತಪಾಸಣೆ ಮುಗಿಸಿದರು.

ಹನ್ನೊಂದನೇ ದಿನ ಮೊಳಕೆ.
ಕೂದಲಿನಷ್ಟು ಸಪೂರ, ಬಾಳೆಸುಳಿಗಿಂತ ಎಳೆಯದು,
ನಮ್ಮ ಊರಿನ ಯಾವ ಹಸಿರೂ ಅಲ್ಲ.
ಮೇಡಂ ಚಪ್ಪಲಿ ಬಿಟ್ಟು ಅಂಚಿನಲ್ಲೇ ನಿಂತರು,
ಬಾಣಂತಿ ಕೋಣೆಯ ಹೊಸ್ತಿಲಲ್ಲಿ ನಿಂತವರ ಹಾಗೆ.

ಲೆಕ್ಕ ಕಲಿಸಿದ್ದೂ ಅವರೇ:
ನಾಲ್ಕು ಬೆರಳಿಗಿಂತ ಕೆಳಗೆ ಕತ್ತರಿಸಬಾರದು,
ಒಂದು ಸಲಕ್ಕೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ತೆಗೆಯಬಾರದು.
ಅಲಗು ಮೊಂಡಾದರೆ ತುದಿ ಹರಿದು ಬಿಳಿಚುತ್ತದೆ.
ನೀರು ಬೆಳಗಿನ ಜಾವ, ಬೇರಿಗೆ ಮುಟ್ಟುವಷ್ಟು;
ಸಂಜೆ ಕೊಟ್ಟರೆ ಒದ್ದೆ ಮೈಯಲ್ಲೇ ಮಲಗಿ
ಕಂದು ಮಚ್ಚೆ ಎದ್ದೀತು.
ನಮಗೆ ಹುಲ್ಲು ಅಂದರೆ ದನ ತಿನ್ನುವುದು, ಮಾಡು ಹೊದೆಸುವುದು.
ತಿನ್ನದ, ಹೊದೆಸದ ಹುಲ್ಲಿಗೆ
ಇಷ್ಟೆಲ್ಲ ಉಪಚಾರ ಎಂದರೆ
ಅವ್ವ ಕವಳ ಉಗಿದು ನಕ್ಕಳು.

ಜನವರಿಯಲ್ಲಿ ನೋಡುವ ಹಾಗಿತ್ತು, ಸುಳ್ಳು ಹೇಳಬಾರದು.
ಒಂದು ಬೆಳಿಗ್ಗೆ ಮೇಡಂ ಕೇಳಿದರು,
‘ಆ ನೀರಿನ ಟಾಂಕಿ ಪಕ್ಕದ ಮೂಲೆ ಮಾತ್ರ
ಅಷ್ಟು ಕಪ್ಪು ಹಸಿರು ಹೇಗೆ? ಎಂಥ ಗೊಬ್ಬರ ಹಾಕಿದೆ?’

ಪೈಪು ಸುತ್ತುತ್ತಿದ್ದೆ. ಸುತ್ತು ತಪ್ಪಿತು.
ಅಲ್ಲಿ ನಮ್ಮ ಕೊಟ್ಟಿಗೆ ಇತ್ತು,
ಈ ಕಾಂಪೌಂಡು ಬರುವ ಮೊದಲು.
ಎರಡು ಎಮ್ಮೆ, ಒಂದು ಕುಂಟ ಹೋರಿ,
ಮೂವತ್ತು ವರ್ಷದ ಗಂಜಲ.
‘ಏನೂ ಹಾಕಿಲ್ಲ ಮೇಡಂ. ಅದು ಮೊದಲಿಂದಲೂ ಹಾಗೆ.’

ಮರುದಿನ ಅವರ ಬೆತ್ತದ ಕುರ್ಚಿ
ಆ ಮೂಲೆ ಬಿಟ್ಟು ಈಚೆಗೆ ಸರಿದಿತ್ತು.
ಯಾರು ಹೇಳಿದರೋ. ನಾನಂತೂ ಅಲ್ಲ.

ಮಾರ್ಚಿನಲ್ಲಿ ತುದಿ ಸುಟ್ಟಿತು.
ನೆರಳುಬಲೆ ಕಟ್ಟಿದೆ, ಕತ್ತರಿಸುವುದು ಬಿಟ್ಟೆ,
ಏಪ್ರಿಲ್ ಹನ್ನೆರಡಕ್ಕೆ
ಜ್ವರ ಬಿಟ್ಟವರ ಕೂದಲಿನ ಹಾಗೆ ಕೈಗೇ ಬಂತು.
ಕೆಳಗೆ ಗರಿಕೆ, ಯಾರನ್ನೂ ಕೇಳದೆ,
ಗೆಣ್ಣು ಗೆಣ್ಣಿಗೆ ಬೇರು ಬಿಡುತ್ತಿತ್ತು.
ಅದೇ ವಾರ ಸಾಹೇಬರಿಗೆ ವಿಶಾಖಪಟ್ಟಣಕ್ಕೆ ವರ್ಗ.
ಲಾರಿ ಹೊರಡುವಾಗ ಮೇಡಂ
ಉಳಿದ ಬೀಜ ನನ್ನ ಕೈಗಿಟ್ಟರು, ಅದೇ ಕಾಲುಚೀಲದಲ್ಲಿ.

ಈಗ ಅದು ನಮ್ಮ ಫ್ರಿಜ್ಜಿನಲ್ಲಿದೆ,
ಮುರುಗಲ ಪಾನಕದ ಬಾಟಲಿಯ ಪಕ್ಕ.
‘ಇದು ಎಂತದ್ದು?’ ಅನ್ನುತ್ತಾಳೆ ಅವ್ವ, ತೆರೆದಾಗಲೆಲ್ಲ.
ಬೀಜ, ಅನ್ನುತ್ತೇನೆ.
‘ಯಾರದ್ದು? ಎಲ್ಲಿ ಬಿತ್ತಲಿಕ್ಕೆ?’
ಬಾಗಿಲು ಮುಚ್ಚೇ ಅವ್ವ,
ತಂಪು ಹೋಗುತ್ತದೆ.