ನೆರಳಿಗೆ ಒಣಗಿದ್ದು

ಶೆಡ್ಡಿನ ಪಡುವಲಕ ಹಸರ ಜಾಳಗಿ ಬಿಗದ ಕಟ್ಟಬೇಕು.
ಮೂರರ ಮ್ಯಾಲಿನ ಬಿಸಲು ಅಡ್ಡ ಬರತೈತಿ,
ಒಂದ ತೂತ ಸಿಕ್ಕರ ಸಾಕು
ಒಳಗ ಹೊಕ್ಕು ಹಣ್ಣ ಮುಟ್ಟತೈತಿ.
ಮುಟ್ಟಿದ್ದು ಮೊದಲ ಕೆಂಪಗ, ಆಮ್ಯಾಲ ಕರ್ರಗ.
'ಬಣ್ಣ ಹೋದ ಮಣೂಕಕ್ಕ ತಾಸಗಾಂವದಾಗ
ಯಾಂವ ರೇಟ ಕೊಡತಾನ?' ಅಂತಿದ್ರು ಕೊಟ್ಯಾಳ ಸಾವಕಾರ್ರು.

ತಿಕೋಟಾದಾಗ ಹನ್ನೊಂದ ಸುಗ್ಗಿ ಈ ಮಾತ ಕೇಳೀನಿ,
ಹರದ ಜಾಳಗಿಗೆ ದಬ್ಬಣ ಹಾಕೀನಿ.
ಹೊರಗ, ಬಟಾಬಯಲಾಗ,
ನನ್ನ ತಂಗಿ ದಾನಮ್ಮ ಕ್ರೇಟು ತೊಳೀತಿದ್ದಳು.

ದಾನಮ್ಮ ಅಂತ ಕರದವರು ಕಡಿಮಿ.
ಕೆಂಚಿ. ಸುಣ್ಣದ ಗ್ವಾಡಿ. ಫಾರಿನ್ನಾಕಿ.
ಕೂದಲ ಜೋಳದ ರವದಿ ಬಣ್ಣ, ರೆಪ್ಪಿನೂ ಬಿಳೇವು,
ಕಣ್ಣು ಬೆಳಕಿಗೆ ನಿಲ್ಲಂಗಿಲ್ಲ.
'ರೋಗ ಅಲ್ಲ, ಹುಟ್ಟಾ ಹಿಂಗ' ಅಂದಿದ್ದ ಅವಾಗಿನ ಡಾಕ್ಟರ.
ಬಿಸಲಿನ ಸುದ್ದಿ ಅಂವ ಎತ್ತಲಿಲ್ಲ, ನಾವೂ ಕೇಳಲಿಲ್ಲ.

ನನಗ ಒಂಬತ್ತು, ಆಕಿಗೆ ಆರು.
ಹೇಳಿದ್ದು ಮಂದಿ ಅಲ್ಲ, ನಾನ:
'ಬಿಸಲಾಗ ನಿಂದರು, ನಮ್ಮ ಬಣ್ಣ ಬರತೈತಿ.'
ರೊಟ್ಟಿ ಹಂಚಿನ ಮ್ಯಾಲ ಬಣ್ಣ ತಗೋತೈತಲ್ಲ, ಹಂಗ.
ಮಾಳಗಿ ಮ್ಯಾಲ ಅಂಗಿ ತೋಳ ಏರಿಸಿ ನಿಂತಳು.
ನಾ ಕೆಳಗ ಕುಂತು ಎಣಿಸಿದೆ.
ನೂರರ ಮುಂದ ನನಗ ಬರತಿರಲಿಲ್ಲ,
ಮತ್ತ ಒಂದರಿಂದ ಹಿಡದೆ.

ರಾತ್ರಿ ಗುಳ್ಳಿ ಎದ್ದು ಹಾಸಿಗಿಗೆ ಬೆನ್ನ ಹಚ್ಚಲಿಲ್ಲ.
ಅವ್ವ ಮಜ್ಜಗಿ ಸವರಿದಳು. ಯಾರ ಹೇಳಿದ್ರು ಅಂದಳು.
ತಂಗಿ ನನ್ನ ಹೆಸರ ಹೇಳಲಿಲ್ಲ.
ಮುಂಜಾನೆ ಎದ್ದು ತನ್ನ ಕೈ ತಿರುವಿ ಮುರುವಿ ನೋಡಿ ಕೇಳಿದ್ದು ಇಷ್ಟ:
'ಬಂತೇನ ಅಕ್ಕಾ?'

ಹೋದ ವರ್ಷ ಎಡಗಿವಿ ಅಂಚಿಗೆ ಒಂದ ಹಕ್ಕಳಿ.
ಕಿತ್ತರ ರಕ್ತ, ಬಿಟ್ಟರ ಮತ್ತ ಹಕ್ಕಳಿ.
ಬುಗಡಿ ತೂತು ಹುಣ್ಣಾಗಿರಬೇಕು ಅಂದೆ, ಅರಿಷಿಣ ಹಚ್ಚಿದೆ.
ಸುಗ್ಗಿ ಬಂತು, ಸುಗ್ಗಿ ಹೋತು, ಅದು ಹೋಗಲಿಲ್ಲ.
ಬಿಜಾಪುರದ ದವಾಖಾನ್ಯಾಗ ಡಾಕ್ಟರಬಾಯಿ
ಭೂತಗನ್ನಡಿ ಹಿಡದು ನೋಡಿ
ಚೂರ ಕೊಯ್ದು ಶೀಶೆದಾಗ ಹಾಕಿ ಕಳಿಸಿದರು.
ಹದಿನೈದ ದಿನ ಅಂದರು.
ಹಸೀ ದ್ರಾಕ್ಷಿ ಒಣಗಾಕೂ ಅಷ್ಟ.

ಚರ್ಮದ ಕ್ಯಾನ್ಸರ್.
ನಾ ಕುರ್ಚಿ ಹಿಡಕೊಂಡೆ. ಆಕಿ ಬಾಗಲದ ಕಡೆ ನೋಡಿದಳು,
ಅಲ್ಲಿ ಬಿಸಲು ಹೊಸ್ತಲಕ ಬಂದು ಕುಂತಿತ್ತು
ಗುರತಿನವರಂಗ.

'ಒಳಗ ಇಳದಿಲ್ಲ, ಇನ್ನೂ ತಡಾ ಮಾಡಿದ್ರ ಕಷ್ಟ ಇತ್ತು.'
ಕಿವಿಯಂಚು ಒಂದ ಉಗರಷ್ಟು ತಗದರು, ಬುಗಡಿ ತೂತಿನ ಸಮೇತ.
ತುಂಬ ತೋಳಿನ ಅಂಗಿ, ಅಗಲ ಅಂಚಿನ ಟೊಪಗಿ, ದಿನಾ ಮುಲಾಮು,
ಹತ್ತರಿಂದ ನಾಕರ ತನಕ ಬಿಸಲಿಗೆ ಬ್ಯಾಡ.
'ಹತ್ತರಿಂದ ನಾಕು ಅಂದ್ರ ಅದ ನಮ್ಮ ಪಗಾರ ಅಲ್ರಿ' ಅಂದಳು ದಾನಮ್ಮ.
ಡಾಕ್ಟರಬಾಯಿ ಬರಿಯೂದು ನಿಲ್ಲಿಸಿದರು.

ನಾ ನನ್ನ ಕೈ ಮುಂದ ಮಾಡಿದೆ. ನನಗ?
'ನಿಮ್ಮ ಬಣ್ಣ ಹುಟ್ಟಾ ಬಂದ ಛತ್ರಿ. ಆದ್ರೂ
ಅಂಗೈ, ಅಂಗಾಲು, ಉಗರಿನ ಬುಡ ಆಗಾಗ ನೋಡಕೋರಿ.'
ಹುಟ್ಟಾ ಬಂದ ಛತ್ರಿ.
ಅದನ್ನ ಹಿಡಕೊಂಡು ನಾ
ಹನ್ನೊಂದ ವರ್ಷ ನೆರಳಾಗ ಕುಂತಿದ್ದೆ.

'ಕಣ್ಣ ಮಂದ ಇದ್ದಾಕಿ ಹೆಂಗ ಆರಿಸತಾಳ?' ಅಂದ್ರು ಸಾವಕಾರ್ರು.
ದಾನಮ್ಮ ಬೊಗಸಿ ತುಂಬ ತಗೊಂಡು ಕಣ್ಣ ಮುಚ್ಚಿದಳು.
ಹಸೀದೊಂದ ಕಡೆ, ಕಡ್ಡಿಯೊಂದ ಕಡೆ, ಪಕ್ಕಾ ಒಣಗಿದ್ದೊಂದ ಕಡೆ.
ಬಟ್ಟಿಗೆ ಗೊತ್ತಾಗತಿತ್ತು.
ಸಾವಕಾರ್ರು ಒಂದ ಕಾಳ ಬಾಯಾಗ ಹಾಕ್ಕೊಂಡು ಹ್ವಾದರು.

ಹಳೇ ಜಾಳಗಿ ಎರಡ ಪದರ, ನಡುವ ನನ್ನ ಇಳಕಲ್ ಸೀರಿ ಚೂರು.
ಟೊಪಗಿ ಹೊಲದಿದ್ದು ಆಕಿಗಂತ.
ಬಸ್ಸಿಗೆ ಹೋಗೂವಾಗ ಹಾಕ್ಕೋತಾಳ,
ಹೊತ್ತ ಏರಿದ ಮ್ಯಾಲ ಅದು ನನ್ನ ತಲಿಗೆ.
ಈಗ ಕ್ರೇಟು ತೊಳಿಯಾಕಿ ನಾನು.

ನಿನ್ನೆ ಮರತು ಹಂಗ ಬಂದಿದ್ದೆ.
ಹಸರ ಜಾಳಗಿ ಹಿಂದಿಂದ ಧ್ವನಿ ಬಂತು,
ಮುಖ ಕಾಣಲಿಲ್ಲ:
'ಅಕ್ಕಾ, ಎಷ್ಟ ಎಣಿಸಲಿ?'