ಯಾರ ಬಲಗಡೆ

ಕ್ಲಾಕ್ಸ್‌ವಿಕ್ ಬಂದರಿನ ತರಬೇತಿ ಕೊಳ, ಜನವರಿಯ ಸಂಜೆ,
ತುಂಬಿದ್ದು ಕಡಲ ನೀರೇ.
ದೀಪ ಆರಿಸಿದರು. ಆರಿಸಿ ಅಂದವಳು ನಾನೇ.
ಆರು ಜನರ ಜೀವರಕ್ಷಕ ತೆಪ್ಪ, ಹೊಚ್ಚ ಹೊಸದು,
ಗಾಳಿ ತುಂಬಿಕೊಂಡು ಬೋರಲು ಬಿದ್ದಿದೆ.
ಪಕ್ಕದಲ್ಲಿ ಕುತ್ತಿಗೆವರೆಗೆ ಮುಳುಗಿದ ಹಾನುಸ್:
ಬಲಗೈಗೆ ಮೂರೇ ಬೆರಳು,
ಬಾಯಲ್ಲಿ ಟಾರ್ಚು, ಕೈಯಲ್ಲಿ ನನ್ನ ಕೈಪಿಡಿ.

ಎಂಟು ತಿಂಗಳ ಕೆಲಸ. ತೊಂಬತ್ತಾರು ಪುಟ.
ಬಟ್ಟೆಯ ದಪ್ಪ, ಅನಿಲದ ಒತ್ತಡ, ಹೊಲಿಗೆಯ ಆಯುಸ್ಸು,
ಒಂದೂ ಸುಳ್ಳಿಲ್ಲ. ಎಂಜಿನಿಯರ್ ಟ್ರೋಂಡುರ್
ಹಾಳೆ ಹಾಳೆಗೂ ಸಹಿ ಹಾಕಿದ್ದಾನೆ.
ನನಗೋ ಮುನ್ನುಡಿಯ ಮೇಲೆ ಒಂದಿಷ್ಟು ಮೋಹ.

ಹಾನುಸ್ ಮುನ್ನುಡಿ ಓದಲಿಲ್ಲ.
ಒದ್ದೆ ಬೆರಳಿಗೆ ಹಾಳೆಗಳು ಕಂತೆಯಾಗಿ ಅಂಟಿ
ಪರಿವಿಡಿಯಿಂದ ನೇರ ಮೀನುಗಾಳದ ಅಧ್ಯಾಯಕ್ಕೆ ಹೋದ.
ವಾಪಸು ಬರುವಷ್ಟರಲ್ಲಿ ಟಾರ್ಚು ಬಿತ್ತು.
ಕತ್ತಲಲ್ಲಿ ಕೇಳಿದ, ಕೋಪವಿಲ್ಲ, ಹಲ್ಲು ಮಾತ್ರ ಕಟಕಟ:
"ಚಾಕು ಬಲಗಡೆ ಅಂತ ಬರೆದಿದ್ದೀಯಲ್ಲ, ಮಾರ್ಯೂನ್.
ಯಾರ ಬಲಗಡೆ?"

ಬರೆಯುವಾಗ ತೆಪ್ಪ ನನ್ನ ಮೇಜಿನ ಮೇಲಿತ್ತು, ನಕ್ಷೆಯಾಗಿ.
ಕಾಫಿ ಬಿಸಿಯಿತ್ತು. ಕುರ್ಚಿ ಅಲುಗಾಡುತ್ತಿರಲಿಲ್ಲ.
ಬಲಗಡೆ ಅಂದರೆ ನನ್ನ ಬಲಗಡೆ.
ಮಗುಚಿದ ತೆಪ್ಪದೊಳಗೆ ತಡಕಾಡುವವನಿಗೆ
ಅದು ಎಡವೂ ಅಲ್ಲ, ಬಲವೂ ಅಲ್ಲ,
ಎಲ್ಲೋ ನೀರಿನಡಿ.

ಮರುದಿನ ಕಡಿಯಲು ಕೂತೆ.
"ದಯವಿಟ್ಟು ಗಮನಿಸಿ" ಹದಿನೇಳು ಕಡೆ ಇತ್ತು, ಹದಿನೇಳೂ ಹೋದವು.
"ಸೂಕ್ತ ಕ್ರಮ ಕೈಗೊಳ್ಳುವುದು":
ಎರಡಾಳೆತ್ತರದ ಅಲೆಯಲ್ಲಿ ಸೂಕ್ತ ಅಂದರೆ ಯಾವುದು?
ಮುನ್ನುಡಿ ಹೋದಾಗ ಸ್ವಲ್ಪ ಹೊತ್ತು ಕಿಟಕಿ ನೋಡಿದೆ.
ಒತ್ತಡದ ಲೆಕ್ಕ ಬಿಡಬೇಡ ಅಂದ ಟ್ರೋಂಡುರ್.
ಬಿಡಲಿಲ್ಲ. ವರ್ಷಕ್ಕೊಮ್ಮೆ ತೆಪ್ಪ ಬಿಚ್ಚಿ ಮಡಿಸುವವರಿಗೆ,
ದಡದಲ್ಲಿ ಕನ್ನಡಕ ಏರಿಸಿ ಓದುವವರಿಗೆ,
ಬೇರೆಯೇ ಪುಸ್ತಕ ಮಾಡಿದೆ, ಒಂದು ಅಂಕಿಯೂ ಬಿಡದೆ.

ನೀರಲ್ಲಿರುವವರಿಗೆ ಒಂದೇ ಹಾಳೆ. ನೆನೆಯದ್ದು, ಹರಿಯದ್ದು.
ಅದರಲ್ಲಿ ಚಾಕುವಿನ ಸಾಲನ್ನೇ ಹನ್ನೊಂದು ಸಲ ತಿದ್ದಿದೆ:

ದಪ್ಪ ಹಗ್ಗ ಹಿಡಿ.
ಗಂಟು ಸಿಗುವವರೆಗೆ ಕೈ ಜಾರಿಸು.
ಗಂಟಿನ ಪಕ್ಕ ಚಾಕು.

ಫೆಬ್ರವರಿಯಲ್ಲಿ ಹಾನುಸ್ ಮತ್ತೆ ನೀರಿಗಿಳಿದ.
ಹಾಳೆಯನ್ನು ಒಮ್ಮೆ ನೋಡಿ ತೆಪ್ಪದಡಿ ಮುಳುಗಿದ.
ದಂಡೆಯಲ್ಲಿ ಕೂತು ಎಣಿಸತೊಡಗಿದೆ,
ಹನ್ನೆರಡು, ಹದಿಮೂರು, ನನ್ನ ಉಸಿರೂ ಕಟ್ಟಿತ್ತು,
ಹತ್ತೊಂಬತ್ತಕ್ಕೆ ಹಗ್ಗ ಟಪ್ಪೆಂದು ತುಂಡಾಯಿತು.

ಮೇಲೆ ಬಂದು, ನೀರು ಉಗಿದು, ಅವನು ಅಂದದ್ದಿಷ್ಟೇ:
"ಕೈಗವಸು ಹಾಕಿಕೊಂಡು ಯಾರಾದರೂ ನೋಡಿದ್ದಾರಾ?"

ಉಣ್ಣೆಯ ಕೈಗವಸು ಹುಡುಕಲು ಹೊರಟೆ.