ನಲವತ್ತೆರಡು ಹಲ್ಲು

ಟ್ರೆಡಲ್ ಮಷಿನ್ನಿನ ಗೇರು ಹಲ್ಲು ಮುರಕೊಂಡಿತ್ತು,
ನಲವತ್ತೆರಡರಾಗ ಮೂರು.
ಎಣ್ಣಿ ತಟ್ಟಿಯೊಳಗ ಸಿಕ್ಕದ್ದು ಒಂದ.
ಅದನ್ನ ಎರಕಾ ಹೊಯ್ದ ಕಾರ್ಖಾನಿ ಮುಚ್ಚಿ ಮೂವತ್ತು ವರ್ಷ,
ಆ ಜಾಗಾದಾಗ ಈಗ ಕಲ್ಯಾಣಮಂಟಪ.

ನನ್ನ ಮಷಿನ್ ಈಗ ಅಕ್ಷರ ಒತ್ತೂದಿಲ್ಲ.
ಬೇಕರಿಯವರ ಪೆಟ್ಟಿಗಿ ರಟ್ಟು ಕತ್ತರಸತೈತಿ,
ದಿನಕ್ಕ ಎರಡು ಸಾವಿರ.
ಅದು ನಿಂತ್ರ ನಾನೂ ನಿಂತಂಗ.

ಮುಳಗುಂದ ನಾಕಾದ ಹಿಂದ, ಗಾದಿ ಅಂಗಡಿ ಮ್ಯಾಲಿನ ಖೋಲಿ.
ಕೆಳಗ ಅಪ್ಪ ಹತ್ತಿ ಹಿಂಜತಾನ,
ಮ್ಯಾಲ ಮಗಳು, ಶಮೀಮಾ ನದಾಫ.
ಬಾಗಲಕ್ಕ ಫಲಕ: ಇಲ್ಲಿ ಪ್ರಿಂಟ್ ಮಾಡಿ ಕೊಡಲಾಗುವುದು.
ನಾ ನಕ್ಕೆ.
ಪ್ರಿಂಟ್ ಅಂದ್ರ ಏನಂತ
ಗದಗಿನವಗ ಹೇಳಿಕೊಡ್ತೀಯೇನವ್ವಾ?

ಶಾಯಿ ಇಲ್ಲ, ಹಾಳಿ ಇಲ್ಲ, ರೋಲರ್ ಇಲ್ಲ.
ರೀಲಿಗೆ ಸುತ್ತಿದ ಕಪ್ಪು ನೈಲಾನ್ ದಾರ,
ದಾರದ ತುದಿಗೆ ಸುಡೂ ಸೂಜಿ.

ಮುರುಕು ಗೇರನ್ನ ಕ್ಯಾಲಿಪರಿನಾಗ ಹಿಡದು ಅಳದ್ಲು.
ಇದ್ದ ಹಲ್ಲಿನಿಂದ ಇಲ್ಲದ ಹಲ್ಲಿನ ಲೆಕ್ಕಾ ತಗದ್ಲು.
ಪರದೆ ಮ್ಯಾಲ ಗಾಲಿ ತಿರುಗಿತು, ತೂಕಿಲ್ಲದ್ದು.
ಆಮ್ಯಾಲೆ ಅದನ್ನ ಉಳ್ಳಾಗಡ್ಡಿ ಹಂಗ ಅಡ್ಡಡ್ಡ ಹೆಚ್ಚಿದ್ಲು,
ಪೋಸ್ಟ್‌ಕಾರ್ಡಿನ ದಪ್ಪದ ನೂರಾ ಹತ್ತು ಪದರು.

ಸೂಜಿ ಓಡಾಡಿತು.
ಕರಗಿದ ದಾರ ಕೂಡತಾ, ಆರತಾ,
ಆರಿದ್ದರ ಮ್ಯಾಲ ಮತ್ತ ಕೂಡತಾ
ಹೊರಗ ಗಟ್ಟಿ ಗೋಡಿ, ಒಳಗ ಜೇನಹುಟ್ಟಿನ ಪೊಳ್ಳು.
ನಮ್ಮಣ್ಣ ಲೇಥಿನವ. ಆತನ ಮಾತು ಬ್ಯಾರೆ ಇತ್ತು:
ಬ್ಯಾಡಾದ್ದನ್ನ ತಗಿ, ಬೇಕಾದ್ದು ತಾನ ಉಳೀತೈತಿ.
ಸಂಜಿಗೆ ಆತನ ಕಾಲ ಸುತ್ತ
ಗುಂಗರಗೂದಲದಂಥಾ ಕಬ್ಬಿಣದ ಸಿಪ್ಪಿ.
ಇಲ್ಲಿ ಕಸಬರಿಗಿ ಮೂಲ್ಯಾಗ ಸುಮ್ಮನ ನಿಂತಿತ್ತು.

ತೊಂಬತ್ಮೂರನೇ ಪದರಕ್ಕ ಕರೆಂಟು ಹೋತು.

ಆಕಿ ಬೈಲಿಲ್ಲ. ಅರೆಗೇರು ಕಿತ್ತು ಕಿಟಕಿ ಕಟ್ಟಿಗೆ ಇಟ್ಲು.
ಅಲ್ಲಿ ಮೊದಲ ಬಂದು ಕುಂತವರಿದ್ರು:
ಪಂಪಿನ ಒಂದು ರೆಕ್ಕಿ,
ಧಾರವಾಡದ ದವಾಖಾನಿಯಾಗ ಮಲಗಿದ ಯಾರದೋ ದವಡಿ,
ಕೊಯ್ಯೂ ಮೊದಲ ಡಾಕ್ಟರು ಕೈಯಾಗ ಹಿಡದು ನೋಡಾಕ,
ತಾರಿಹಾಳದ ಫೌಂಡ್ರಿಯವರು ಉಸುಕಿನಾಗ ಅಚ್ಚು ಒತ್ತೂ ಮಾದರಿ.
“ಕಟಗಿಯಾಗ ಇಪ್ಪತ್ತು ದಿನದ ಕೆಲಸ ಕಾಕಾ, ಇದು ಎರಡು ರಾತ್ರಿ.”
ಕೆತ್ತತಿದ್ದ ಮೌನಪ್ಪ ಬಡಿಗೇರ?
“ವಾರಕ್ಕ ಎರಡು ಸಲ ಬರತಾರ.
ಉಸುಕು ಹರಿಲಾರದ ಮಾದರಿ ಹೊರಗ ಬರಬೇಕಂದ್ರ
ಗೋಡಿಗೆ ಎಷ್ಟು ಓರಿ ಕೊಡಬೇಕು,
ಅದು ಅವರ ಹೆಬ್ಬೆರಳಿಗೇ ಗೊತ್ತು.”

ಪ್ಲಾಸ್ಟಿಕ್ ಎಷ್ಟು ದಿನಾ ಬಾಳೀತವ್ವಾ?
“ಮುರೀಲಿ ಅಂತನ ಮಾಡಾಕತ್ತೀನ್ರಿ.
ಬೀಡಿನ ಗೇರು ಸಿಕ್ಕಿಬಿದ್ರ ಮಗ್ಗಲದ್ದನ್ನೂ ಕೆಡಸತೈತಿ.
ಇದು ತಾ ಮೊದಲ ಹೋಗತೈತಿ, ಉಳಿದವು ಉಳೀತಾವ.
ಹೋದಾಗ ಫೋನ್ ಮಾಡ್ರಿ, ಫೈಲ್ ನನ್ನ ಹತ್ರ ಐತಿ.”
ನಮ್ಮ ಮನ್ಯಾಗ ಹಂಗ ಇದ್ದಾಕಿ ಅವ್ವ.
ಆಕಿ ಫೈಲ್ ಯಾರ ಹತ್ರ ಐತಿ.

ಹಳೇ ಗೇರಿನ ಮ್ಯಾಲ ಕಾರ್ಖಾನಿ ಹೆಸರು ಉಬ್ಬಿತ್ತು.
“ಇದಕ್ಕೇನು ಬರಸಲಿ?” ಪೆನ್ನು, ಚೀಟಿ ಮುಂದಿಟ್ಲು.
ನಲವತ್ತು ವರ್ಷ ಮೊಳೆ ಜೋಡಿಸಿದ ಕೈ
ನನ್ನ ಕೇಳಲಾರದ ಬರೀತು,
ಬಲದಿಂದ ಎಡಕ್ಕ, ತಿರುವು ಮುರುವು.
ಸಹಿ ಇದ್ದೀತು ಅಂತ ತಿಳದು ಆಕಿ ಹಂಗ ಇಳಿಸಿದ್ಲು.

ಮರುದಿನ ಗೇರು ನನ್ನ ಅಂಗೈಯಾಗ,
ರೊಟ್ಟಿಗಿಂತ ಹಗುರ.
“ಅಯ್ಯ, ಹೆಸರು ಉಲ್ಟಾ ಬಂದೈತಲ್ರಿ,
ಮತ್ತ ಹೊಡೀಲೇನು?”
ತಡಿಯವ್ವಾ ಅಂದೆ.
ಕಿಸೆದಾಗಿನ ಡಬ್ಬಿ, ತಳದಾಗಿನ ಒಣಾ ಶಾಯಿ,
ಒಂದು ಹನಿ ಎಣ್ಣಿ, ಬೆರಳು.
ಉಬ್ಬಿದ್ದರ ಮ್ಯಾಲಷ್ಟ ಸವರಿ
ಪೇಡೆ ಪೆಟ್ಟಿಗಿ ರದ್ದಿ ರಟ್ಟಿಗೆ ಒತ್ತಿ ಎತ್ತಿದೆ.

ಬಗ್ಗಿ ಓದಿದ್ಲು: ತೋಂಟಪ್ಪ ಅಕ್ಕಿ, ಗದಗ.
ನೆಟ್ಟಗ.
ಇದಕ್ಕಂತೀವಿ ನಾವು, ಪ್ರಿಂಟ್.

ಸೊನ್ನಿ ಮಾತ್ರ ಮುಚ್ಚಿಹೋಗಿತ್ತು.
ಶಾಯಿ ಚೂರು ಹೆಚ್ಚಾತು.